ಅತ್ತೆಯ ಕೋಣೆಗೆ ಬಂದ ಬಿಳಿ ಸೀರೆಯವಳು

ಪವಾಡದ ಕಥೆ ಹೇಳುವವರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನೈರೋಬಿಯ ಲ್ಯಾವಿಂಗ್ಟನ್‌ನ ಒಂದು ಶಾಲೆಯಲ್ಲಿ ನಾನು ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಯಾರಾದರೂ ಕನಸಿನಲ್ಲಿ ದೇವರು ಬಂದಿದ್ದ ಎಂದರೆ, ಮಲಗುವ ಮುಂಚೆ ಏನು ತಿಂದಿದ್ದಿರಿ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಇದನ್ನು ಓದಿದ ಮೇಲೆ ನೀವು ನನಗೂ ಅದೇ ಪ್ರಶ್ನೆ ಕೇಳಿದರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಜೊತೆಗಿದ್ದ ಅತ್ತೆಗೆ ನ್ಯುಮೋನಿಯಾ ಆಯಿತು. ಜ್ವರ ಇಳಿಯಿತು, ಕೆಮ್ಮೂ ನಿಂತಿತು, ಆದರೆ ಅವರು ಊಟ ಬಿಟ್ಟುಬಿಟ್ಟರು. ಚಮಚ ತುಟಿಯ ಹತ್ತಿರ ತಂದರೆ ಗೋಡೆಯ ಕಡೆಗೆ ತಿರುಗುತ್ತಿದ್ದರು. ತಮ್ಮದೆಲ್ಲ ಮುಗಿಯಿತು, ಇನ್ನು ಕಳಿಸಿಕೊಡಿ ಎನ್ನುವುದೊಂದೇ ಮಾತು. ಔಷಧಿಯ ಕೆಲಸ ಮುಗಿದಿದೆ, ಇನ್ನು ತಿಂದರೆ ಉಳಿಯುತ್ತಾರೆ, ಇಲ್ಲದಿದ್ದರೆ ಇಲ್ಲ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು. ನನ್ನ ಗಂಡ ಫ್ಯಾಕ್ಟರಿಯಿಂದ ಬಂದು ಕಾರಿನಲ್ಲೇ ಸ್ವಲ್ಪ ಹೊತ್ತು ಕೂತು, ಆಮೇಲೆ ಮನೆಯೊಳಗೆ ಬರುತ್ತಿದ್ದರು. ನನಗೆ ಅತ್ತೆಯ ಮೇಲೆ ವಿಪರೀತ ಸಿಟ್ಟು. ಮದುವೆಯಾದ ಹೊಸದರಲ್ಲಿ, ಓದು ಬಿಡಬೇಡ, ಅಡುಗೆಮನೆ ಎಲ್ಲಿಗೂ ಓಡಿಹೋಗಲ್ಲ ಎಂದು ನನ್ನನ್ನು ಕಾಲೇಜಿಗೆ ಅಟ್ಟಿದ ಹೆಂಗಸು ಅವರು. ಅಂಥವರು ನನ್ನ ಕಣ್ಣೆದುರೇ ಹೀಗೆ ಹಟ ಹಿಡಿದು ಹೊರಟಿದ್ದರು.

ಆಗಲೇ ಮರಿಸೋಲ್ ಬಾಗಿಲು ತಟ್ಟಿದಳು. ಮೆಕ್ಸಿಕೋದವಳು, ನಮ್ಮ ಶಾಲೆಯಲ್ಲೇ ಸ್ಪ್ಯಾನಿಷ್ ಟೀಚರ್, ನಮ್ಮ ಕಾಂಪೌಂಡಿನಲ್ಲೇ ಮನೆ. ರಜೆಗೆ ಮೊಂಬಾಸಾಕ್ಕೆ ಹೊರಟಿದ್ದಳು, ಅವಳ ಮನೆಗೆ ಸುಣ್ಣಬಣ್ಣದವರು ಬರುವವರಿದ್ದರು. ಅವಳ ತೋಳಿನಲ್ಲಿ ಮೂರು ವರ್ಷದ ಮಗುವಿನಷ್ಟು ಎತ್ತರದ ಒಂದು ಮೂರ್ತಿ. ಬಿಳಿ ಲೇಸಿನ ಉದ್ದನೆಯ ಉಡುಪು, ತಲೆಯ ಮೇಲೆ ಮುಸುಕು. ಮುಸುಕು ಸರಿಸಿದರೆ ತಲೆಬುರುಡೆ. ಇವಳು ಸಾಂತಾ ಮುಯೆರ್ತೆ, ಹೆಣ್ಣಾಗಿ ಬಂದ ಸಾವು, ನಮ್ಮಲ್ಲಿ ಎಷ್ಟೋ ಜನ ಇವಳಿಗೆ ನಡೆದುಕೊಳ್ಳುತ್ತಾರೆ, ಚರ್ಚಿನವರಿಗೆ ಮಾತ್ರ ಇವಳು ಆಗುವುದಿಲ್ಲ ಎಂದಳು. ಕಳ್ಳನೋ ಸಾಹುಕಾರನೋ ಎಂದು ನೋಡದೆ ಎಲ್ಲರನ್ನೂ ಕರೆದುಕೊಳ್ಳುವ ತಾಯಂತೆ. ಬೀರುವಿನಲ್ಲಿಡಬೇಡ, ದಿನಾ ಒಂದು ಲೋಟ ನೀರಿಡು ಎಂದಷ್ಟೇ ಹೇಳಿ ಹೋದಳು.

ಸಾವನ್ನು ಮನೆಯಲ್ಲಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಿಲ್ಲವೇ ಎಂದು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೀರು ಬಿಟ್ಟರೆ ಜಾಗವಿದ್ದದ್ದು ಅತ್ತೆಯ ಕೋಣೆಯ ಕುರ್ಚಿಯ ಮೇಲೆ ಮಾತ್ರ. ಅತ್ತೆಯ ಕಣ್ಣಿಗೆ ಆಕಾರಗಳಷ್ಟೇ ಕಾಣುತ್ತಿದ್ದವು. ಅವರು ನಿದ್ದೆಯಲ್ಲಿದ್ದಾಗ ಮುಸುಕು ಇಳಿಬಿಟ್ಟು ಮೂರ್ತಿಯನ್ನು ಅಲ್ಲಿ ಕೂರಿಸಿದಂತೆ ಇಟ್ಟು ಬಂದೆ.

ಮರುದಿನ ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದರೆ ಅತ್ತೆ ದಿಂಬಿಗೆ ಒರಗಿ ಕೂತಿದ್ದಾರೆ.

"ಏನೇ ಇದು, ಬಿಳಿ ಸೀರೆ ಉಟ್ಕೊಂಡು ಪಾಪ ಯಾರೋ ಬಂದಿದಾಳೆ, ಬೆಳಗ್ಗಿಂದ ಕೂತಿದಾಳೆ. ನನ್ನ ಹಾಗೇ ಗಂಡ ಹೋದೋಳು ಇರ್ಬೇಕು. ಬಂದೋಳಿಗೆ ಊಟಕ್ಕೆ ಹಾಕದೆ ನನಗೊಬ್ಬಳಿಗೇ ತಂದಿದೀಯಲ್ಲ!"

ಅದು ಗೊಂಬೆ ಅತ್ತೆ ಎನ್ನಲು ಬಾಯಿ ತೆರೆದೆ. ಆದರೆ ಅವರ ದನಿಯಲ್ಲಿ ಹಳೆಯ ಗದರಿಕೆ ಕೇಳಿ ಎಷ್ಟು ದಿನವಾಗಿತ್ತೋ. ಸುಮ್ಮನೆ ಹೋಗಿ ಎರಡು ತಟ್ಟೆ ತಂದೆ. ಅತಿಥಿ ಸಂಕೋಚಪಡಬಾರದೆಂದು ಅತ್ತೆ ತಾವೇ ಮೊದಲ ತುತ್ತು ಬಾಯಿಗಿಟ್ಟರು. ಆಮೇಲೆ ಇನ್ನೊಂದು. ನಾನು ಅಡುಗೆಮನೆಗೆ ಓಡಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಸಂತೋಷಕ್ಕೆ.

ಅಲ್ಲಿಂದ ನಮ್ಮ ಮನೆಯಲ್ಲಿ ದಿನಾ ಹಬ್ಬ. ಅತಿಥಿಗೆ ಬರೀ ಗಂಜಿ ಹಾಕಲಾಗುತ್ತದೆಯೇ? ಚಿತ್ರಾನ್ನ ಆಯಿತು, ನ್ಗಾರಾ ಪೇಟೆಯ ಇಂಡಿಯನ್ ಅಂಗಡಿಯಿಂದ ಹಪ್ಪಳ ಬಂತು. ಮೂರ್ತಿಯ ಪಾಲನ್ನು ನನ್ನ ಗಂಡ ಅಡುಗೆಮನೆಯಲ್ಲಿ ನಿಂತು ತಿನ್ನುತ್ತಿದ್ದರು. ಒಳಗಿನಿಂದ ಅತ್ತೆಯ ಮಾತು ಕೇಳುತ್ತಿತ್ತು. ಒಂದು ಮಾತಾಡಿ ನಿಲ್ಲಿಸುವರು, ಆ ಕಡೆಯವರು ಮುಗಿಸುವಷ್ಟು ಹೊತ್ತು ಬಿಟ್ಟು, ಹೌದೇ ಎಂದು ನಗುವರು. ಒಂಟಿತನ, ಮುಪ್ಪು, ಮಬ್ಬುಗಣ್ಣು, ಅಷ್ಟೇ ಎಂದುಕೊಂಡಿದ್ದೆ. ಇಲ್ಲಿಯವರೆಗೆ ನನಗೂ ಎಲ್ಲ ಅರ್ಥವಾಗುತ್ತದೆ.

ಒಂದು ಸಂಜೆ ಅತ್ತೆ ನನ್ನನ್ನು ಹತ್ತಿರ ಕರೆದು, ಸ್ವಲ್ಪ ನಾಚಿಕೆಯಿಂದ, "ಅವಳಿಗೆ ಹೊಗೆ ಬೇಕಂತೆ ಕಣೇ. ಮುಖಕ್ಕೆ ಬಿಡ್ಬೇಕಂತೆ. ನಿಮ್ಮನೇಲಿ ಯಾರೂ ಕೊಡ್ಲಿಲ್ಲ ಅಂತಿದಾಳೆ" ಎಂದರು.

ಸಾಂಬ್ರಾಣಿಯೇ ಎಂದು ಕೇಳಿದೆ. ಅಲ್ಲವಂತೆ, ಬೀಡಿ ಥರದ್ದಂತೆ. ನಮ್ಮ ಮನೆಯಲ್ಲಿ ಯಾರೂ ಸೇದುವವರಲ್ಲ. ಗೇಟಿನ ವಾಚ್‌ಮನ್ ಹತ್ತಿರ ಹೋಗಿ ಒಂದು ಸಿಗರೇಟು ಕೇಳಿದೆ. ಅವನು ನನ್ನ ಮುಖ ನೋಡಿ, "ಪೋಲೆ, ಮಾಮಾ" ಎಂದು, ಅಯ್ಯೋ ಪಾಪ ಅಮ್ಮಾ ಎಂದು ಸ್ವಾಹಿಲಿಯಲ್ಲಿ ಮರುಕಪಟ್ಟು ಕೊಟ್ಟ. ಒಂದು ದಮ್ಮು ಎಳೆದು ಮುಸುಕಿನ ಕಡೆಗೆ ಹೊಗೆ ಬಿಟ್ಟೆ. ಕೆಮ್ಮಿ ಕೆಮ್ಮಿ ನನ್ನ ಜೀವವೇ ಬಾಯಿಗೆ ಬಂತು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲಲ್ಲಿದ್ದ ಅವರ ಮಗನೂ ನಕ್ಕರು. ಅಂಥ ನಗು ಆ ಮನೆ ಅದಕ್ಕೆ ಮುಂಚೆ ಕೇಳಿರಲಿಲ್ಲ.

ರಜೆ ಮುಗಿಸಿ ಮರಿಸೋಲ್ ಬಂದಳು. ಮೂರ್ತಿಯ ಮುಂದೆ ಮಂಡಿಯೂರಿ ಮುಸುಕೆತ್ತಿ, ಚೀಲದಿಂದ ಒಂದು ಚುಟ್ಟ ತೆಗೆದು ಹಚ್ಚಿ, ಆ ಮುಖದ ತುಂಬ ಹೊಗೆ ಬಿಟ್ಟಳು.  ಹೊಗೆಯ ವಿಷಯ ಅವಳು ನನಗೆ ಹೇಳಿರಲೇ ಇಲ್ಲ. ಅತ್ತೆಗೆ ಹೇಳಿರಬಹುದು ಎಂದರೆ, ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಮೂರ್ತಿಯ ಬಟ್ಟೆಗೆ ಹಳೆಯ ಹೊಗೆಯ ವಾಸನೆ ಅಂಟಿತ್ತೇನೋ ಎಂದು ಕೇಳಿದರೆ, ನಿಮ್ಮ ಮನೆಗೆ ತರುವಾಗ ಹೊಸದು ಹೊಲಿಸಿ ತೊಡಿಸಿದ್ದೆ ಎಂದಳು. ನಾನು ನಡೆದದ್ದನ್ನೆಲ್ಲ ನಗುತ್ತ ಹೇಳಿದೆ. ಅವಳು ನಗಲಿಲ್ಲ. ನಿಮ್ಮತ್ತೆ ಈ ತಾಯಿಗೇನಾದರೂ ಮಾತು ಕೊಟ್ಟಿದ್ದಾರೆಯೇ, ಕೊಟ್ಟಿದ್ದರೆ ನಡೆಸಬೇಕು ಎಂದಳು.

ಅವಳು ಮೂರ್ತಿಯನ್ನು ಎತ್ತಿಕೊಂಡು ಹೋದ ಮೇಲೆ ಊಟ ಬಡಿಸುತ್ತ ಅತ್ತೆಯನ್ನು ಕೇಳಿದೆ.

"ಕೊಟ್ಟಿದೀನಲ್ಲ. ಮತ್ತೆ ಬಂದು ಕರೆದಾಗ ಕಾಯಿಸಲ್ಲ, ಎದ್ದು ಹೊರಡ್ತೀನಿ ಅಂದೆ. ಸರಿ, ಅಲ್ಲೀತನಕ ಹೊಟ್ಟೆ ತುಂಬ ಊಟ ಮಾಡು ಅಂದ್ಲು. ಎಲ್ಲಿ, ಇನ್ನೊಂಚೂರು ಸಾರು ಹಾಕು."

ಇದನ್ನು ಹೇಗೆ ವಿವರಿಸಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಅತ್ತೆ ಗಟ್ಟಿಮುಟ್ಟಾಗಿದ್ದಾರೆ, ಸಾರಿಗೆ ಉಪ್ಪು ಕಮ್ಮಿಯಾದರೆ ಈಗಲೂ ಗದರುತ್ತಾರೆ. ಬಾಗಿಲು ಬಡಿದ ಸದ್ದಾದರೆ ಮಾತ್ರ ತಟ್ಟೆ ಪಕ್ಕಕ್ಕಿಟ್ಟು, ಸೆರಗು ಸರಿಮಾಡಿಕೊಂಡು, ನಗುಮುಖದಿಂದ ಕೂರುತ್ತಾರೆ. ಬಂದವರು ಯಾರೆಂದು ನಾನು ಹೋಗಿ ನೋಡಿ ಹೇಳುವವರೆಗೂ ಹಾಗೇ ಇರುತ್ತಾರೆ.