ಮೂಗು ಅಳೆಯಲು ಹೋದದ್ದು

ಮಮದಾಪುರದ ಆ ಕುರಿಗಾರ ಅಜ್ಜ ಏನು ಹೇಳಿದರೂ ಹೆಗಲ ಕಂಬಳಿ ಸರಿಮಾಡಿಕೊಂಡು, ಕೊನೆಗೆ "ಬರಕೋರಿ" ಎನ್ನುತ್ತಿದ್ದ.

ತೊಂಬತ್ತರ ದಶಕದ ಮಾತು. ನಾನು ಗೋಕಾಕದ ಕಾಲೇಜಿನಲ್ಲಿ ಹೊಸ ಮಾಸ್ತರ. ಬ್ರಿಟಿಷ್ ಅಧಿಕಾರಿಯೊಬ್ಬ ನಮ್ಮ ಸೀಮೆಯ ಜಾತಿಗಳ ಬಗ್ಗೆ ಬರೆದ ದಪ್ಪ ಪುಸ್ತಕ ಓದಿ ಅರ್ಧ ಸಾಹೇಬನೇ ಆಗಿಬಿಟ್ಟಿದ್ದೆ. ಅವನಂತೆ ಜನರ ಮೂಗು ಅಳೆದು ಲೇಖನ ಬರೆಯಬೇಕೆಂದು ದರ್ಜಿಯ ಟೇಪು ಹಿಡಿದು ಮಮದಾಪುರದ ಆ ಅಜ್ಜನ ಬಳಿ ಹೋದೆ.

ಅಜ್ಜ ಸುಮ್ಮನೆ ಮೂಗು ಕೊಟ್ಟು ಕುಳಿತ. ಆಮೇಲೆ ಟೇಪು ಇಸಿದುಕೊಂಡು ನನ್ನ ಮೂಗನ್ನೂ ಅಳೆದು, "ಇದನ್ನೂ ಬರಕೋರಿ" ಎಂದ. ಬರೆದುಕೊಂಡೆ. ಸಾಹೇಬನ ಪುಸ್ತಕದ ಸಂಗತಿಯನ್ನೂ ಅವನಿಗೆ ಹೇಳಿದೆ.

"ನಮ್ಮ ಮಂದಿ ಬಗ್ಗೆ ಸಾಹೇಬ ಏನ ಬರದಾನ್ರಿ?"

"ದಡ್ಡರು ಅಂತ ಬರದಾನ, ಅಜ್ಜಾ."

"ನಿಮ್ಮ ಮಂದಿ ಬಗ್ಗೆ?"

ಆ ಪುಟವನ್ನು ನಾನು ಯಾರಿಗೂ ತೋರಿಸುತ್ತಿರಲಿಲ್ಲ. "ಸುಳ್ಳುಬುರುಕರು ಅಂತ."

"ಅವಗ ಕನ್ನಡ ಬರತಿತ್ತೇನ್ರಿ?"

"ಇಲ್ಲ. ಊರ ಮಂದೀನ್ನ ಕೇಳಿ ಬರದಾನ."

ಅಜ್ಜ ಹೆಗಲ ಕಂಬಳಿ ಸರಿಮಾಡಿಕೊಂಡ. "ಹಂಗಾರ ನಿಮ್ಮ ಬಗ್ಗೆ ನಮ್ಮ ಮುತ್ಯಾ ಹೇಳಿರಬೇಕ್ರಿ. ನಮ್ಮ ಬಗ್ಗೆ ನಿಮ್ಮ ಮುತ್ಯಾ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಬಸ್ಸು ಹತ್ತಿದ ಮೇಲೆ, ನಮ್ಮ ಮುತ್ಯಾ, ಅಂದರೆ ನನ್ನ ಸ್ವಂತ ಅಜ್ಜ, ಕುರಿಗಾರರನ್ನು ಖರೆ ದಡ್ಡರೆಂದೇ ಕರೆಯುತ್ತಿದ್ದ ಎಂಬುದು ನೆನಪಾಗಿ ನನ್ನ ನಗು ನಿಂತಿತು. ಆ ಲೇಖನವನ್ನು ನಾನು ಬರೆಯಲೇ ಇಲ್ಲ.