ಹೆದರಿದವರನ್ನು ನೆಲಕ್ಕಿಳಿಸುವ ಇದಲೀನಾ

ಬೆಳಗಿನ ಆರೂಕಾಲು. ಇಬ್ಬನಿಗೆ ತೊಯ್ದ ಹುಲ್ಲಿನ ಮೇಲೆ ಇದಲೀನಾ ರೊಸಾದು ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದಾರೆ. ಕಾಲಿಗೆ ರಬ್ಬರ್ ಬೂಟು, ಮೈಮೇಲೆ ಅಡುಗೆಮನೆಯ ಏಪ್ರನ್, ಏಪ್ರನ್ನಿನ ಜೇಬಿನಲ್ಲಿ ವಾಕಿಟಾಕಿ. ರಾತ್ರಿ ಮೊಲ ತೋಡಿದ ಬಿಲ ಕಂಡರೆ ನಿಂತು, ಹಿಮ್ಮಡಿಯಿಂದ ಮಣ್ಣು ತುಳಿದು ಮುಚ್ಚುತ್ತಾರೆ. ಇನ್ನು ಎರಡು ಗಂಟೆಯಲ್ಲಿ ಈ ಹುಲ್ಲಿನ ಮೇಲೆ ಆಕಾಶದಿಂದ ಮನುಷ್ಯರು ಇಳಿಯಲಿದ್ದಾರೆ. ಬಿಲದಲ್ಲಿ ಯಾರ ಕಾಲೂ ಸಿಕ್ಕಿಕೊಳ್ಳಬಾರದು.

ಪೋರ್ಚುಗಲ್ಲಿನ ಅಲೆಂತೆಜು ಬಯಲಲ್ಲಿ, ಸೊಬ್ರೇರಾ ಎಂಬ ಊರಾಚೆಯ ಪುಟ್ಟ ವಿಮಾನದಂಗಳ ಇದು. ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಲು ಕಲಿಯುವವರು ಬೇರೆ ಬೇರೆ ದೇಶಗಳಿಂದ ಇಲ್ಲಿಗೆ ಬರುತ್ತಾರೆ. ಮೊದಲ ಸಲ ಒಬ್ಬರೇ ಧುಮುಕುವವರ ಶಿರಸ್ತ್ರಾಣದಲ್ಲಿ ಒಂದು ಸಣ್ಣ ರೇಡಿಯೊ ಇರುತ್ತದೆ. ನೆಲದ ಮೇಲೆ ನಿಂತು ಅದರಲ್ಲಿ ಮಾತಾಡುವವರು ಐವತ್ತೆಂಟು ವರ್ಷದ ಇದಲೀನಾ. ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಈಗ ಎಳೆ. ಮೇಲಿರುವವರು ಕೇಳಬಲ್ಲರೇ ಹೊರತು ಉತ್ತರ ಕೊಡಲಾರರು. ಹಾಗಾಗಿ ಇದಲೀನಾರ ಮೊದಲ ಮಾತು ಯಾವಾಗಲೂ ಒಂದೇ: “ಕೇಳಿಸ್ತಾ ಇದ್ರೆ ಕಾಲು ಆಡಿಸಿ.”

ವಾರಾಂತ್ಯಕ್ಕೆ ಐದಾರು ಮಂದಿ ಹೊಸಬರು. ಒಂಬತ್ತು ವರ್ಷದಲ್ಲಿ ಎರಡು ಸಾವಿರದ ಮುನ್ನೂರು ದಾಟಿದೆ. ಅಷ್ಟೂ ಜನರಲ್ಲಿ ಒಬ್ಬರ ಮೂಳೆಯೂ ಮುರಿದಿಲ್ಲ. “ಒಬ್ಬಳ ಪಾದ ಉಳುಕಿತ್ತು. ಅದು ನನ್ನ ತಪ್ಪಲ್ಲ, ಇಳಿದ ಮೇಲೆ ಕುಣಿಯೋಕೆ ಹೋಗಿ ಉಳುಕಿಸ್ಕೊಂಡ್ಳು,” ಎನ್ನುತ್ತಾರೆ. ಈ ಕೆಲಸದ ನಡುವೆಯೇ ನಲವತ್ತು ಜನರಿಗೆ ಬೆಳ್ಳುಳ್ಳಿ, ಕೊತ್ತಂಬರಿ, ಬ್ರೆಡ್ಡು ಹಾಕಿದ ಸಾರೂ ಆಗಬೇಕು. ಇಪ್ಪತ್ತೆರಡು ವರ್ಷದ ಹಿಂದೆ ಅವರು ಇಲ್ಲಿಗೆ ಸೇರಿದ್ದೇ ಅಡುಗೆಯವರಾಗಿ.

ಇದಲೀನಾ ಕುರಿ ಕಾಯುವವನ ಮಗಳು. ಏಣಿ ಹತ್ತಲೂ ಹೆದರುತ್ತಿದ್ದ ಹೆಂಗಸು. ಅಡುಗೆಮನೆಯ ಕಿಟಕಿಯಿಂದ ಹದಿಮೂರು ವರ್ಷ ಜನ ಇಳಿಯುವುದನ್ನು ಬರಿದೆ ನೋಡಿದರು. ಒಂದು ಮಧ್ಯಾಹ್ನ ವಿದೇಶದ ಹುಡುಗಿಯೊಬ್ಬಳು ಇಳಿಯುವಾಗ, ಆಗ ರೇಡಿಯೊ ಹಿಡಿದಿದ್ದವನು ಗಾಬರಿಯಿಂದ ಒಂದೇ ಸಮ ಕೂಗಾಡಿದ. ಹುಡುಗಿ ಮೇಲೆಯೇ ಮರಗಟ್ಟಿದಳು, ಬೇಲಿಗೆ ಬಡಿದು ಕಾಲು ಮುರಿದುಕೊಂಡಳು.

“ನಮ್ಮಪ್ಪ ಹೆದರಿದ ಕುರಿ ಮುಂದೆ ದನಿ ಎತ್ತಿದ್ದೇ ಇಲ್ಲ,” ಎಂದು ಇದಲೀನಾ ನೆನೆಯುತ್ತಾರೆ. “ಅವತ್ತು ಸೌಟು ಕೆಳಗಿಟ್ಟು ಸೀದಾ ಮೇಷ್ಟ್ರ ಹತ್ರ ಹೋದೆ. ರೇಡಿಯೊ ನನಗೆ ಕೊಡಿ ಅಂದೆ.”

ಮೇಷ್ಟ್ರು ಎಂದರೆ ಇಲ್ಲಿನ ಮುಖ್ಯ ತರಬೇತುದಾರ ಬೆಲ್ಮೀರೊ. ಅವರು ನಕ್ಕುಬಿಟ್ಟರು. “ಇದಲೀನಾವ್ರೇ, ತಾವೇ ಧುಮುಕದೆ ಇರೋರು ರೇಡಿಯೊ ಹಿಡಿಯೋ ಹಾಗಿಲ್ಲ. ನಿಯಮ. ನೀವು ಕುರ್ಚಿ ಹತ್ತಿ ಬಲ್ಬ್ ಹಾಕೋಕೂ ಹುಡುಗರನ್ನ ಕರೀತೀರಿ.”

ಇದಲೀನಾ ವಾದ ಮಾಡಲಿಲ್ಲ. ಮೊಣಕಾಲು ನೋವು, ಅಕ್ಕನ ಊರಿನ ವೈದ್ಯರಿಗೆ ತೋರಿಸಬೇಕು ಎಂದು ಹೇಳಿ ಎರಡು ವಾರ ರಜೆ ಪಡೆದರು. ಚೀಲದಲ್ಲಿ ಬ್ರೆಡ್ಡು, ಆಡಿನ ಹಾಲಿನ ಗಿಣ್ಣು ತುಂಬಿಕೊಂಡು ಬಸ್ಸು ಹತ್ತಿದರು. ಇಳಿದದ್ದು ಗಡಿಯಾಚೆ, ಸ್ಪೇನಿನಲ್ಲಿ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅದು ಅವರ ಮೊದಲ ಪರದೇಶ ಪ್ರಯಾಣ. “ಇಲ್ಲೇ ಕಲಿತಿದ್ರೆ ಈ ಹುಡುಗರು ಸಾಯೋವರೆಗೂ ಆಡಿಕೊಳ್ಳೋರು. ಅಲ್ಲಿ ನಾನು ಯಾರು ಅಂತ ಯಾರಿಗೆ ಗೊತ್ತು?”

ಅಲ್ಲಿನ ವಿಮಾನದಂಗಳದಲ್ಲಿ ಕಲಿಸಿದವಳು ರೆಮೆ ಎಂಬ, ಪೋರ್ಚುಗೀಸ್ ಬಲ್ಲ ಇಪ್ಪತ್ತಾರರ ಯುವತಿ. ಇದಲೀನಾ ಪ್ರಶ್ನೆಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಹೋಗಿದ್ದರು. ಹೊಲಿಗೆ ಬಿಟ್ಟರೆ? ಹಗ್ಗ ತಿರುಚಿದರೆ? ಬಾಗಿಲಲ್ಲಿ ಕೂತಾಗ ಉಚ್ಚೆ ಬಂದರೆ? ಒಟ್ಟು ಅರವತ್ತಮೂರು. ರೆಮೆ ಎಲ್ಲಕ್ಕೂ ಉತ್ತರ ಕೊಟ್ಟಳು. ನೆಲ ಮುಟ್ಟುವಾಗ ಕಾಲು ಜೋಡಿಸಿ ಉರುಳುವುದನ್ನು ಬೇರೆಯವರು ಹತ್ತು ಸಲ ಅಭ್ಯಾಸ ಮಾಡಿದರೆ ಇದಲೀನಾ ಎಂಬತ್ತು ಸಲ ಮಾಡಿದರು.

ಅಷ್ಟಾದರೂ ಮೊದಲ ದಿನ ಸಾವಿರದಿನ್ನೂರು ಮೀಟರ್ ಎತ್ತರದಲ್ಲಿ ಬಾಗಿಲು ತೆರೆದಾಗ ಅವರು ಕೆಳಗೆ ನೋಡಿದರು, ಕಂಬಿ ಹಿಡಿದರು, ಬಿಡಲಿಲ್ಲ. “ಇಲ್ಲ” ಎಂಬ ಒಂದೇ ಮಾತು. ವಿಮಾನ ಅವರನ್ನು ಕೂರಿಸಿಕೊಂಡೇ ಇಳಿಯಿತು. ಅಳುತ್ತ ಹುಲ್ಲಿನ ಮೇಲೆ ಕೂತಿದ್ದಾಗ ರೆಮೆ ಪಕ್ಕಕ್ಕೆ ಬಂದು ಹೇಳಿದಳು: “ಬೇಡ ಅನ್ನೋಕೂ ಧೈರ್ಯ ಬೇಕು, ಅಮ್ಮಾ. ನಾಳೆ ಮತ್ತೆ ಕೇಳ್ತೀನಿ. ನಾಳೆನೂ ಬೇಡ ಅನ್ನಬಹುದು.”

ಮರುದಿನವೂ ಬೇಡ ಎಂದರು. ಮೂರನೆಯ ದಿನ ರೆಮೆ ಕೇಳುವ ಮೊದಲೇ ಬಾಗಿಲಿಗೆ ಹೋಗಿ ಕೂತು, ಕಣ್ಣು ತೆರೆದುಕೊಂಡೇ ಧುಮುಕಿದರು. ಮೂರು ಎಣಿಸುವುದರೊಳಗೆ ಪ್ಯಾರಾಚೂಟ್ ತಾನಾಗಿ ಬಿಚ್ಚಿಕೊಂಡಿತು. ಆಮೇಲೆ ಎಂಥ ನಿಶ್ಶಬ್ದ. ಎಲ್ಲೋ ಕೆಳಗೆ ನಾಯಿ ಬೊಗಳುವುದೂ ಕೇಳುತ್ತಿತ್ತು. ಅಷ್ಟರಲ್ಲಿ ಕಿವಿಯ ರೇಡಿಯೊದಲ್ಲಿ ಒಬ್ಬಾತ ಸ್ಪ್ಯಾನಿಷ್‌ನಲ್ಲಿ ಮಳೆಗರೆದಂತೆ ಮಾತಾಡತೊಡಗಿದ. ಇದಲೀನಾಗೆ ಹತ್ತರಲ್ಲಿ ಒಂದೂ ಅರ್ಥವಾಗಲಿಲ್ಲ. ಅದರ ಗೊಡವೆ ಬಿಟ್ಟು, ದೂರದ ಮನೆಯ ಹೊಗೆ ಎತ್ತ ಬಾಗಿದೆ ಎಂದು ನೋಡಿ, ಅದಕ್ಕೆದುರಾಗಿ ತಾವೇ ತಿರುಗಿಸಿಕೊಂಡು, ಉತ್ತ ಹೊಲದಲ್ಲಿ ಮಂಡಿಯೂರಿ ಇಳಿದರು.

“ಬಾಯ್ತುಂಬ ಮಣ್ಣು. ನಗು ತಡೆಯೋಕಾಗ್ಲಿಲ್ಲ. ಅವತ್ತೇ ಒಂದು ಕಲಿತೆ. ಮೇಲಿರೋರಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಹೇಳಿ ಸುಮ್ಮನಾಗಬೇಕು.”

ಒಟ್ಟು ಹನ್ನೊಂದು ಸಲ ಧುಮುಕಿ, ಪ್ರಮಾಣಪತ್ರ ಹಿಡಿದು ಊರಿಗೆ ಬಂದರು. ಬೆಲ್ಮೀರೊ ಊಟಕ್ಕೆ ಕೂತಾಗ ಸಾರಿನ ಬಟ್ಟಲಿನ ಪಕ್ಕ ಅದನ್ನಿಟ್ಟರು. ಅವರು ಎರಡು ಸಲ ಓದಿ, ಎದ್ದು ನಿಂತು ಟೋಪಿ ತೆಗೆದರು. “ಮೊಣಕಾಲಿಗೆ ಒಳ್ಳೇ ವೈದ್ಯರೇ ಸಿಕ್ಕಿದ್ದಾರೆ,” ಎಂದರಂತೆ.

ಈ ಶನಿವಾರದ ಹೊಸಬರಲ್ಲಿ ಒಬ್ಬರು ವೀಟೋಲ್ಡ್, ಪೋಲೆಂಡಿನವರು, ನಲವತ್ತನಾಲ್ಕು ವರ್ಷ, ಅಲ್ಲಿ ಟ್ರಾಮ್ ಓಡಿಸುತ್ತಾರೆ. ಒಬ್ಬರೇ ಪ್ರವಾಸ ಬಂದವರು. ನಿನ್ನೆ ವಿಮಾನದ ಬಾಗಿಲಿಂದ ಹಿಂತಿರುಗಿದ್ದಾರೆ. ಇಲ್ಲಿನ ಭಾಷೆ ಬಾರದ ಅವರಿಗೆ ಇದಲೀನಾ ಐದೇ ಮಾತು ಕಲಿಸುತ್ತಾರೆ: ಎಡ, ಬಲ, ನೇರ, ಸಾಕು, ಎಳಿ. ಅವರು ಪ್ಯಾರಾಚೂಟಿನ ಹಿಡಿ ಹಿಡಿದವರಂತೆ ಕೈ ಮೇಲೆತ್ತಿಕೊಂಡು ಮೈದಾನದಲ್ಲಿ ನಡೆಯುತ್ತಾರೆ, ಇವರು ದೂರದಲ್ಲಿ ನಿಂತು ರೇಡಿಯೊದಲ್ಲಿ ತಿರುಗಿಸುತ್ತಾರೆ. ಹುಡುಗರು ಬೇಲಿಯ ಮೇಲೆ ಕೂತು ಕಿಚಾಯಿಸುತ್ತಾರೆ. “ಅತ್ತೆ, ಅವರನ್ನ ಅಡುಗೆಮನೆಗೇ ಇಳಿಸ್ಕೋತೀರೋ ಹೇಗೆ?”

“ಇಳಿಸ್ಕೊಂಡ್ರೆ ನಿಮಗಿಂತ ಚೆನ್ನಾಗಿ ಈರುಳ್ಳಿ ಹೆಚ್ಚಿಯಾರು. ಬಾಯಿ ಮುಚ್ಕೊಂಡು ಗಾಳಿ ನೋಡ್ರೋ.”

ಹತ್ತು ಗಂಟೆಗೆ ವಿಮಾನದಿಂದ ಒಂದು ಚುಕ್ಕೆ ಬೀಳುತ್ತದೆ, ಕಿತ್ತಳೆ ಬಣ್ಣದ ಪ್ಯಾರಾಚೂಟ್ ಅರಳುತ್ತದೆ. “ಕೇಳಿಸ್ತಾ ಇದ್ರೆ ಕಾಲು ಆಡಿಸಿ” ಎಂಬುದನ್ನು ಮಾತ್ರ ಇದಲೀನಾ ಪೋಲಿಷ್‌ನಲ್ಲಿ ಕಲಿತಿದ್ದಾರೆ. ಮೇಲೆ ಎರಡು ಕಾಲೂ ಜೋರಾಗಿ ಆಡುತ್ತವೆ.

ಇನ್ನು ಐನೂರು ಮೀಟರ್ ಇರುವಾಗ ಇದಲೀನಾರ ಮೂಗು ಅರಳುತ್ತದೆ. ಹಂದಿ ದೊಡ್ಡಿಯ ವಾಸನೆ. ದೊಡ್ಡಿ ಇರುವುದು ಮೂಡಣಕ್ಕೆ, ಬೆಳಗಿನಿಂದ ಬೀಸುತ್ತಿದ್ದದ್ದು ಪಡುವಣ ಗಾಳಿ. ಕಂಬದ ಮೇಲಿನ ಗಾಳಿಚೀಲ ಜೋತುಬಿದ್ದು, ಆಮೇಲೆ ಪೂರ್ತಿ ತಿರುಗಿಕೊಳ್ಳುತ್ತದೆ. ಗಾಳಿಗೆ ಎದುರಾಗಿ ಇಳಿದರೆ ಮೆಲ್ಲಗೆ ಕಾಲೂರಬಹುದು. ಗಾಳಿ ಬೆನ್ನಿಗಿದ್ದರೆ ಓಡುವ ಬಸ್ಸಿನಿಂದ ಹಾರಿದ ಹಾಗೆ. ಹುಡುಗರು ಬೇಲಿಯಿಂದ ಕೆಳಗೆ ಹಾರುತ್ತಾರೆ. ಬೆಲ್ಮೀರೊ ಓಡಿಬರುತ್ತಾರೆ, ಆದರೆ ರೇಡಿಯೊಗೆ ಕೈ ಚಾಚುವುದಿಲ್ಲ.

“ಬಲ,” ಎನ್ನುತ್ತಾರೆ ಇದಲೀನಾ, ಉಪ್ಪು ಕೇಳುವಷ್ಟೇ ಸಲೀಸಾಗಿ. ಸುಮ್ಮನಿರುತ್ತಾರೆ. “ಬಲ.” ಕಿತ್ತಳೆ ಬಣ್ಣ ಬಾನಲ್ಲಿ ಅರ್ಧ ಸುತ್ತು ಹೊರಳುತ್ತದೆ. “ಸಾಕು. ನೇರ.” ಮೈದಾನದ ತುದಿ ದಾಟಿ, ಬೀಳುಬಿಟ್ಟ ಹೊಲದ ಕಡೆಗೆ. ಇಪ್ಪತ್ತು ಮೀಟರ್. ಹತ್ತು. ಅವರ ಎಡಗೈ ಏಪ್ರನ್ನನ್ನು ಮುಷ್ಟಿಯಲ್ಲಿ ಹಿಂಡುತ್ತಿದೆ, ದನಿಯಲ್ಲಿ ಅದು ಕಾಣುವುದಿಲ್ಲ. “ಎಳಿ.”

ವೀಟೋಲ್ಡ್ ಎರಡೂ ಹಿಡಿಗಳನ್ನು ಸೊಂಟದವರೆಗೆ ಎಳೆಯುತ್ತಾರೆ. ಪ್ಯಾರಾಚೂಟ್ ಕ್ಷಣಕಾಲ ನಿಂತೇಬಿಟ್ಟಂತಾಗಿ, ಟ್ರಾಮಿನಿಂದ ಇಳಿಯುವವರ ಹಾಗೆ ಅವರು ನೆಲಕ್ಕೆ ಕಾಲಿಡುತ್ತಾರೆ. ನಿಂತೇ ಇದ್ದಾರೆ. ಒಮ್ಮೆ ತಮ್ಮ ಕಾಲನ್ನೂ ಒಮ್ಮೆ ಆಕಾಶವನ್ನೂ ನೋಡಿ, ಪ್ಯಾರಾಚೂಟನ್ನು ಹೇಗೆ ಹೇಗೋ ಬಾಚಿ ತಬ್ಬಿಕೊಂಡು ಓಡಿಬರುತ್ತಾರೆ. ಇದಲೀನಾರನ್ನು ನೆಲದಿಂದ ಎತ್ತಿ ಒಂದು ಸುತ್ತು ತಿರುಗಿಸುತ್ತಾರೆ. ಅಳುತ್ತ, ನಗುತ್ತ, ಕಲಿತ ಐದೂ ಮಾತನ್ನು ಒಟ್ಟಿಗೆ ಹೇಳುತ್ತಿದ್ದಾರೆ: ಎಡ, ಬಲ, ನೇರ, ಸಾಕು, ಎಳಿ.

“ಇಳಿಸಪ್ಪಾ, ಒಲೆ ಮೇಲೆ ಸಾರಿದೆ,” ಎನ್ನುವ ಇದಲೀನಾರ ಕಣ್ಣೂ ಒದ್ದೆಯಾಗಿದೆ.

ರೆಮೆ ಈಗ ಸ್ಪೇನಿನ ಆ ಅಂಗಳದ ಮುಖ್ಯಸ್ಥೆ. ಸೆಪ್ಟೆಂಬರಿನಲ್ಲಿ ಬಂದು ತನ್ನ ಹುಡುಗರಿಗೆ ರೇಡಿಯೊದಲ್ಲಿ ಮಾತಾಡುವುದನ್ನು ಕಲಿಸಿಕೊಡಿ ಎಂದು ಪತ್ರ ಬರೆದಿದ್ದಾಳೆ. ಇದಲೀನಾ ಒಪ್ಪಿದ್ದಾರೆ. “ಮಾತಾಡೋದು ಅವರಿಗೆ ಬರುತ್ತೆ. ಸುಮ್ಮನಿರೋದು ಕಲಿಸಿ ಬರಬೇಕು, ಅಷ್ಟೇ ಆಸೆ.”

ಸಾರಿನ ಉಪ್ಪು ನೋಡುತ್ತಿರುವಾಗ ಬೆಲ್ಮೀರೊ ಬಾಗಿಲಲ್ಲಿ ಇಣುಕುತ್ತಾರೆ. ಮುಂದಿನ ಹಾರಾಟಕ್ಕೆ ಮೂವರು ಹೊಸಬರಿದ್ದಾರೆ. ಇಬ್ಬರು ಗಟ್ಟಿ, ಒಬ್ಬಾಕೆ ನಡುಗುತ್ತಿದ್ದಾಳೆ. ಯಾರನ್ನು ಮೊದಲು ಕಳಿಸಲಿ?

ಇದಲೀನಾ ಒಲೆ ಸಣ್ಣಗೆ ಮಾಡಿ, ವಾಕಿಟಾಕಿ ಕೈಗೆತ್ತಿಕೊಳ್ಳುತ್ತಾರೆ.

“ನಡುಗ್ತಿರೋಳನ್ನೇ ಕಳಿಸಿ ಮೇಷ್ಟ್ರೇ. ಹೆದರಿದೋರು ಚೆನ್ನಾಗಿ ಕೇಳಿಸ್ಕೋತಾರೆ.”