ಐವತ್ತು ಷೇರಿಗೂ ಒಂದೇ ಕೈ

ಭಾನುವಾರ, ರಾಜಧಾನಿಯ ಅಂಚಿನ ಉಲ್ಲಾಳ. ಬಸ್ಸು ತಡವಾದ್ದರಿಂದ ನಿಲ್ದಾಣದ ಎದುರಿನ ಸಹಕಾರ ಸಂಘದ ಸಭೆಯನ್ನು ಬಾಗಿಲಲ್ಲಿ ನಿಂತು ನೋಡಿದೆ. ಸಂಘದ ಹಿಟ್ಟಿನ ಗಿರಣಿಯನ್ನು ಮುಚ್ಚಿ ಜಾಗವನ್ನು ಬೇಕರಿಗೆ ಬಾಡಿಗೆ ಕೊಡೋಣವೆಂದು ರಾಜಣ್ಣ ಎಂಬ ಹಿರಿಯ ಸದಸ್ಯರು ಹಟ ಹಿಡಿದಿದ್ದರು. ಕೊಟ್ಟರೆ ಗಿರಣಿ ನಡೆಸುವ ಜಯಮ್ಮನ ಕೆಲಸ ಹೋಗುತ್ತಿತ್ತು.

ಮತಕ್ಕೆ ಹಾಕಿದಾಗ ರಾಜಣ್ಣ ಎರಡೂ ಕೈ ಎತ್ತಿದರು.

“ಅಣ್ಣ, ಒಂದು ಕೈ ಇಳಿಸಿ,” ಎಂದರು ಕಾರ್ಯದರ್ಶಿ.

“ನಂದು ಐವತ್ತು ಷೇರು ಐತೆ ಕಣಪ್ಪ!”

“ನೂರಿದ್ರೂ ಓಟು ಒಂದೇ. ಜಯಮ್ಮಂದು ಒಂದೇ ಷೇರು, ಅವ್ರಿಗೂ ಒಂದೇ ಓಟು.”

ಸಭೆ ನಕ್ಕಿತು. ಅಷ್ಟು ದೊಡ್ಡ ಮನುಷ್ಯರು ಒಂದು ಕೈ ಇಳಿಸಿದ್ದು ಕಂಡು ನನಗೆ ಆಶ್ಚರ್ಯ. ಏನು ಕಂಡರೂ ಎಣಿಸುವ ಚಟ ನನಗೆ, ಕೈಗಳನ್ನು ನಾನೂ ಎಣಿಸಿದೆ. ಮುಚ್ಚಲು ಹದಿನೆಂಟು, ಬೇಡವೆನ್ನಲೂ ಹದಿನೆಂಟು. ಅವುಗಳಲ್ಲೊಂದಾದ ಜಯಮ್ಮನ ಕೈಗೆ ರಾಗಿ ಹಿಟ್ಟು ಮೆತ್ತಿತ್ತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಅವಳ ಪರವಾಗಿ ಇನ್ನೊಂದು ಕೈ ಎದ್ದಿತು. ಅದು ರಾಜಣ್ಣನವರ ಹೆಂಡತಿ ಪುಟ್ಟಮ್ಮನದು.

“ಏನೇ ಇದು?” ಎಂದರು ರಾಜಣ್ಣ.

“ಮನೇಲಿ ನಿಮ್ ಮಾತು ಕೇಳ್ತೀನಿ. ಇಲ್ಲಿ ನಾನೂ ಮೆಂಬರ್ರು.”

ಗಿರಣಿ ಉಳಿಯಿತು. ನನ್ನ ಬಸ್ಸೂ ಬಂತು. ಕಿಟಕಿಯಿಂದ ನೋಡಿದರೆ, ಪುಟ್ಟಮ್ಮ ಕೈಬೀಸಿಕೊಂಡು ಮುಂದೆ ಹೋಗುತ್ತಿದ್ದರು. ಅದೇ ಗಿರಣಿಯಲ್ಲಿ ಬೀಸಿಸಿದ ಹಿಟ್ಟಿನ ಡಬ್ಬ ಹೊತ್ತು ರಾಜಣ್ಣ ಹಿಂದೆ.